ಹಾಸ್ಟೆಲ್ ಮೆಸ್ಸಿನಲ್ಲಿ ಜಾತಿ ಹಿಡಿದು ಬೈದಿದ್ದಾರೆ, ದೂರು ಎಲ್ಲಿ ಕೊಡಬೇಕು?

ಹಾಸ್ಟೆಲ್ ಪ್ರತಿನಿಧಿ
ಮೊನ್ನೆ ರಾತ್ರಿ ಊಟದ ಹೊತ್ತಲ್ಲಿ ಎಸ್‌ಸಿ ಸಮುದಾಯದ ಫಸ್ಟ್ ಇಯರ್ ಹುಡುಗನಿಗೆ ಇಬ್ಬರು ಸೀನಿಯರ್‌ಗಳು ಜಾತಿ ಹೆಸರು ಹಿಡಿದು ಬೈದು, "ನಿನ್ನ ತಟ್ಟೆ ಬೇರೆ ಇಟ್ಕೋ" ಅಂದಿದ್ದಾರೆ. ಆಮೇಲೆ ವಾಟ್ಸಾಪ್ ಗ್ರೂಪಿನಲ್ಲೂ ಅದೇ ಮಾತು. ವಾರ್ಡನ್ ಹುಡುಗ, ಸೀನಿಯರ್‌ಗಳು ಎರಡೂ ಕಡೆಯಿಂದ ಮುಚ್ಚಳಿಕೆ ಬರೆಸಿ ಮುಗಿಸೋಣ, ಇಲ್ಲಾಂದ್ರೆ ಕಾಲೇಜಿನ ಕಮಿಟಿ ರಿಪೋರ್ಟ್ ಬಂದ ಮೇಲೆ ಪೊಲೀಸ್ ಅಂತಿದ್ದಾರೆ. ಹುಡುಗ ಹೆದರಿದ್ದಾನೆ. ಏನು ಮಾಡೋದು?

ವಕೀಲೆ
ಮೊದಲು, ಮುಚ್ಚಳಿಕೆಗೆ ಹುಡುಗ ಸಹಿ ಹಾಕಬಾರದು. "ನಮ್ಮಿಬ್ಬರ ನಡುವೆ ಮನಸ್ತಾಪ ಆಗಿತ್ತು" ಅಂತ ಅದರಲ್ಲಿ ಒಂದು ಸಾಲಿದ್ದರೆ ಸಾಕು, ಇದು ಜಾತಿ ವಿಷಯವೇ ಅಲ್ಲ, ಬರೀ ಜಗಳ ಅಂತ ಎದುರು ವಕೀಲರು ನಾಳೆ ಅದನ್ನೇ ಹಿಡಿಯುತ್ತಾರೆ.

ಕಮಿಟಿಗೂ ಕಾಯಬೇಡಿ. ಕಾಲೇಜಿನ ವಿಚಾರಣೆ ಬೇರೆ, ಪೊಲೀಸ್ ಕೇಸು ಬೇರೆ. ಎಸ್‌ಸಿ, ಎಸ್‌ಟಿ ದೌರ್ಜನ್ಯ ತಡೆ ಕಾಯ್ದೆಗೆ 2018ರಲ್ಲಿ ಸೇರಿದ 18ಎ ಕಲಂ ಪ್ರಕಾರ ಎಫ್‌ಐಆರ್‌ಗೆ ಮುಂಚೆ ಪ್ರಾಥಮಿಕ ವಿಚಾರಣೆ ಬೇಕಿಲ್ಲ.

"ಜಾತಿ ನಿಂದನೆ ಮಾಡಿದರು" ಅಂತ ಒಂದೇ ಸಾಲು ಬರೆದು ಕೊಟ್ಟ ದೂರುಗಳೇ ಕೋರ್ಟಿನಲ್ಲಿ ಬಿದ್ದುಹೋಗೋದು. ಆ ಕಾಯ್ದೆಯ 3(1)(ಆರ್) (ಬೇಕಂತಲೇ ಅವಮಾನ), 3(1)(ಎಸ್) (ಜಾತಿ ಹೆಸರು ಹಿಡಿದ ಬೈಗುಳ) ಕಲಂಗಳು ನಿಲ್ಲಬೇಕಾದರೆ ಮಾತು ಸಾರ್ವಜನಿಕರ ಎದುರಿಗೆ ಆಗಿರಬೇಕು. ಬೇರೆ ಯಾರೂ ಇಲ್ಲದ ನಾಲ್ಕು ಗೋಡೆಯೊಳಗಿನ ಮಾತು ಸಾಲದು ಅಂತ 2020ರ ಹಿತೇಶ್ ವರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮೆಸ್ಸಿನಲ್ಲಿ ಊಟಕ್ಕೆ ಕೂತವರು ಇದ್ದರಲ್ಲ, ಅದೇ ನಿಮ್ಮ ಬಲ. ಎಷ್ಟು ಗಂಟೆ, ಯಾವ ಟೇಬಲ್, ಯಾರು ಯಾರು ಕೇಳಿಸಿಕೊಂಡರು ಅಂತ ಹೆಸರು ಸಮೇತ ಬರೆಯಿರಿ. ಬೈಗುಳವನ್ನು ನಾಜೂಕು ಮಾಡದೆ ಆಡಿದ ಹಾಗೇ ಬರೆಯಿರಿ. ಹುಡುಗನ ಜಾತಿ ಅವರಿಗೆ ಹೇಗೆ ಗೊತ್ತಿತ್ತು ಅನ್ನೋದೂ, ಅವರು ಎಸ್‌ಸಿ, ಎಸ್‌ಟಿಗೆ ಸೇರಿದವರಲ್ಲ ಅನ್ನೋದೂ ಇರಲಿ. ತಟ್ಟೆಯ ಮಾತು ಬಿಡಬೇಡಿ, ಅದು ಅಸ್ಪೃಶ್ಯತೆ. 1955ರ ನಾಗರಿಕ ಹಕ್ಕು ಸಂರಕ್ಷಣಾ ಕಾಯ್ದೆಯೂ ಇದೆ.

ಎಫ್‌ಐಆರ್ ಪ್ರತಿ ಉಚಿತ, ಕೇಳಿ ಪಡೆಯಿರಿ. ಠಾಣೆಯವರು ದೂರು ತಗೊಳ್ಳದಿದ್ದರೆ ಅದನ್ನೇ ಎಸ್‌ಪಿಗೆ ಸ್ಪೀಡ್ ಪೋಸ್ಟ್ ಮಾಡಿ. ಬಿಎನ್‌ಎಸ್‌ಎಸ್ (ಹಳೆಯ ಸಿಆರ್‌ಪಿಸಿ ಬದಲಿಗೆ ಬಂದ ಕಾನೂನು) 173(4)ರ ಅಡಿ ಕೋರ್ಟಿಗೆ ಹೋಗುವಾಗ ಆ ರಸೀದಿ ಬೇಕಾಗುತ್ತೆ. ದೌರ್ಜನ್ಯ ತಡೆ ಸಹಾಯವಾಣಿ 14566.

ಆಂಟಿ ರ‍್ಯಾಗಿಂಗ್ ಸಮಿತಿ ಸದಸ್ಯ
ಮೇಡಂ ಹೇಳಿದ್ದರ ಜೊತೆಗೆ ಕಾಲೇಜಿನ ಕಡೆಯದ್ದು. 2016ರ ತಿದ್ದುಪಡಿ ಆದಮೇಲೆ ಜಾತಿ, ಧರ್ಮ, ಭಾಷೆ, ಊರು, ಮೈಬಣ್ಣ ಹಿಡಿದು ಕೊಡೋ ಹಿಂಸೆಯೂ ಯುಜಿಸಿ ನಿಯಮದಲ್ಲಿ ರ‍್ಯಾಗಿಂಗೇ. ಆಂಟಿ ರ‍್ಯಾಗಿಂಗ್ ಸಹಾಯವಾಣಿ 1800-180-5522ಕ್ಕೆ ಹೆಸರು ಹೇಳದೆ ದೂರು ಕೊಡಬಹುದು, ಹೆದರಿರೋ ಹುಡುಗನಿಗೆ ಇದು ಮೊದಲ ಬಾಗಿಲು. ಕಾಲೇಜಿನ ಹೆಸರು ಸರಿಯಾಗಿ ಹೇಳಿ. ಆದರೆ ದೌರ್ಜನ್ಯದ ಕೇಸು ನಡೆಯಬೇಕಾದರೆ ಮುಂದೆ ಅವನ ಹೇಳಿಕೆ ಬೇಕೇ ಬೇಕು, ಇದನ್ನು ಅವನಿಗೆ ಮೊದಲೇ ತಿಳಿಸಿ.

ಪ್ರಿನ್ಸಿಪಾಲರಿಗೆ ಇಮೇಲ್ ಮಾಡಿ, ಜೊತೆಗೆ ಕಾಗದದ ಪ್ರತಿ ಕೊಟ್ಟು ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ. ರ‍್ಯಾಗಿಂಗ್‌ನಲ್ಲಿ ಅಪರಾಧ ಕಂಡುಬಂದರೆ ಮಾಹಿತಿ ಬಂದ 24 ಗಂಟೆಯೊಳಗೆ ಸಂಸ್ಥೆಯೇ ಎಫ್‌ಐಆರ್ ಹಾಕಿಸಬೇಕು. ಸೀಲ್ ಇಲ್ಲದಿದ್ದರೆ ಆ ಗಡುವು ಯಾವಾಗ ಶುರುವಾಯಿತು ಅಂತ ತೋರಿಸೋಕೆ ಆಗಲ್ಲ.

ಸೈಬರ್ ಕೆಲಸದವ
ಗ್ರೂಪ್ ಬಿಟ್ಟು ಹೊರಗೆ ಬರಬೇಡಿ. ಕಳಿಸಿದವರು ಸುಮಾರು ಎರಡು ದಿನದ ತನಕ ಎಲ್ಲರ ಫೋನಿನಿಂದಲೂ ಮೆಸೇಜ್ ಅಳಿಸಬಹುದು, ಅದಕ್ಕೇ ಇವತ್ತೇ ಮಾಡಿ. ಕ್ರಾಪ್ ಮಾಡಿದ ಸ್ಕ್ರೀನ್‌ಶಾಟ್ ಮೇಲೆ ಅನುಮಾನ ಬರುತ್ತೆ. ಗ್ರೂಪಿನ ಹೆಸರು, ಕಳಿಸಿದವರ ನಂಬರು, ತಾರೀಕು ಕಾಣೋ ಹಾಗೆ ಸ್ಕ್ರೀನ್ ರೆಕಾರ್ಡ್ ಮಾಡಿ, ಚಾಟ್ ಎಕ್ಸ್‌ಪೋರ್ಟ್ ಮಾಡಿಡಿ. ಫೋನ್ ರೀಸೆಟ್ ಮಾಡಬೇಡಿ, ಮಾರಬೇಡಿ. ಪ್ರಿಂಟ್ ಕೋರ್ಟಿಗೆ ಹೋಗುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63(4) ಪ್ರಮಾಣಪತ್ರ (ಎಲೆಕ್ಟ್ರಾನಿಕ್ ದಾಖಲೆಗೆ ಬೇಕಾದದ್ದು) ಜೊತೆಗಿರಬೇಕು. ಮೆಸ್ಸಿನ ಸಿಸಿಟಿವಿ ದೃಶ್ಯ ಉಳಿಸೋ ಡಿವಿಆರ್ ಪೆಟ್ಟಿಗೆ ತುಂಬಿದರೆ ಹಳೆಯದರ ಮೇಲೇ ಬರೆದುಕೊಳ್ಳುತ್ತೆ. "ಇಂಥ ಕ್ಯಾಮೆರಾ, ಇಷ್ಟರಿಂದ ಇಷ್ಟು ಗಂಟೆ, ಕಾಪಾಡಿಡಿ" ಅಂತ ಪ್ರಿನ್ಸಿಪಾಲರಿಗೂ ತನಿಖಾಧಿಕಾರಿಗೂ ಲಿಖಿತವಾಗಿ ಕೊಡಿ.

ಹಾಸ್ಟೆಲ್ ಪ್ರತಿನಿಧಿ
ತುಂಬಾ ಉಪಕಾರ. ಹುಡುಗನ ಮನೆಯವರಿಗೆ ಓಡಾಡೋ ಶಕ್ತಿ ಇಲ್ಲ. ಖರ್ಚಿಗೆ ಏನಾದರೂ ದಾರಿ ಇದೆಯಾ?

ವಕೀಲೆ
ಇದೆ. ಮೇಲೆ ಹೇಳಿದ 3(1)(ಆರ್), 3(1)(ಎಸ್) ಕಲಂಗಳಿಗೆ ಪರಿಹಾರ 1 ಲಕ್ಷ ರೂ.: ಎಫ್‌ಐಆರ್ ಹಂತದಲ್ಲಿ ಶೇ 25, ಚಾರ್ಜ್‌ಶೀಟ್ ಕೋರ್ಟಿಗೆ ಹೋದಾಗ ಶೇ 50, ಶಿಕ್ಷೆಯಾದಾಗ ಉಳಿದದ್ದು. ಎಫ್‌ಐಆರ್ ಪ್ರತಿ, ಜಾತಿ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ ತಗೊಂಡು ಸಮಾಜ ಕಲ್ಯಾಣ ಇಲಾಖೆ ಕಚೇರಿಗೆ ಹೋಗಿ. ಸಾಕ್ಷಿಗಳ ಓಡಾಟದ ಖರ್ಚಿಗೂ ನಿಯಮದಲ್ಲಿ ಅವಕಾಶ ಇದೆ, ಅದನ್ನೂ ಅಲ್ಲೇ ಕೇಳಿ.