ಗಂಡ ಅಲ್ಲಿ, ಹೆಂಡತಿ ಇಲ್ಲಿ: ಅಮೆರಿಕ ಫ್ಯಾಮಿಲಿ ವೀಸಾ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಇವತ್ತು ವೀಣಾ ಮೇಡಂ ನಮ್ಮ ಜೊತೆ ಇದ್ದಾರೆ. ಅಮೆರಿಕದಲ್ಲಿ ಇಮಿಗ್ರೇಷನ್ ವಕೀಲರು, ಮೂಲತಃ ಹಾಸನ ಕಡೆಯವರು. ಗಂಡ-ಹೆಂಡತಿ ವೀಸಾ, ಮದುವೆ ಮೇಲೆ ಬರುವ ಗ್ರೀನ್ ಕಾರ್ಡ್ ಬಗ್ಗೆ ಮಾತ್ರ ಕೇಳಿ. ಹೆಚ್1ಬಿ (ಕೆಲಸದ ವೀಸಾ) ಇನ್ನೊಂದು ದಿನ.

ವೀಣಾ (ವಕೀಲರು): ನಮಸ್ಕಾರ. ಇಲ್ಲಿ ಹೇಳುವುದು ಸಾಮಾನ್ಯ ಮಾಹಿತಿ ಅಷ್ಟೇ. ಕೇಸ್ ನಂಬರ್, ಪಾಸ್‌ಪೋರ್ಟ್ ಫೋಟೊ ದಯವಿಟ್ಟು ಹಾಕಬೇಡಿ. ಕೇಳಿ.

ಪ್ರದೀಪ್, ತುಮಕೂರು: ಮೇಡಂ, ತಂಗಿಗೆ ಈಗಷ್ಟೇ ಮದುವೆ ಆಯಿತು. ಹುಡುಗನಿಗೆ ಗ್ರೀನ್ ಕಾರ್ಡ್ ಇದೆ, ಸಿಟಿಜನ್ ಆಗಿಲ್ಲ. ಈಗಲೇ ಅರ್ಜಿ ಹಾಕಬೇಕಾ, ಸಿಟಿಜನ್ ಆಗುವವರೆಗೆ ಕಾಯಬೇಕಾ?

ವೀಣಾ (ವಕೀಲರು): ಈಗಲೇ ಐ-130 ಹಾಕಿಸಿ, ಅಂದರೆ ಅಲ್ಲಿರುವವರು ತಮ್ಮ ಕುಟುಂಬದವರಿಗಾಗಿ ಹಾಕುವ ಅರ್ಜಿ. ಗ್ರೀನ್ ಕಾರ್ಡ್‌ನವರ ಹೆಂಡತಿ ಎಫ್2ಎ ವರ್ಗಕ್ಕೆ ಬರುತ್ತಾರೆ. ಅದಕ್ಕೆ ವರ್ಷಕ್ಕೆ ಇಷ್ಟೇ ವೀಸಾ ಅಂತ ಮಿತಿ ಇದೆ, ಸರದಿ ಎಲ್ಲಿಗೆ ಬಂತು ಅಂತ ತಿಂಗಳು ತಿಂಗಳು ವೀಸಾ ಬುಲೆಟಿನ್‌ನಲ್ಲಿ ನೋಡಬೇಕು. ಸಿಟಿಜನ್ ಆದವರ ಹೆಂಡತಿಗೆ ಆ ಮಿತಿ ಇಲ್ಲ. ಹುಡುಗ ನಡುವೆ ಸಿಟಿಜನ್ ಆದರೆ ಅದೇ ಅರ್ಜಿ ಆ ವರ್ಗಕ್ಕೆ ಬದಲಾಗುತ್ತೆ, ಹೊಸದು ಬೇಡ. ಆದರೆ ಅಷ್ಟರೊಳಗೆ ಭಾರತದಲ್ಲಿ ಮಗು ಹುಟ್ಟಿದ್ದರೆ ಎಚ್ಚರ. ಎಫ್2ಎಯಲ್ಲಿ ಮಗು ತಾಯಿಯ ಅರ್ಜಿಯ ಜೊತೆಗೇ ಬರುತ್ತೆ. ಸಿಟಿಜನ್ ವರ್ಗದಲ್ಲಿ ಹಾಗೆ ಬರುವುದಿಲ್ಲ, ಮಗುವಿಗೆ ಬೇರೆಯೇ ಐ-130 ಬೇಕು. ಇದು ಗೊತ್ತಿಲ್ಲದೆ ಇಂಟರ್‌ವ್ಯೂ ದಿನ ಮಗು ಎತ್ತಿಕೊಂಡು ಹೋಗಿ ನಿಂತವರಿದ್ದಾರೆ.

ಪ್ರದೀಪ್, ತುಮಕೂರು: ಥ್ಯಾಂಕ್ಸ್ ಮೇಡಂ. ಒಟ್ಟು ಎಷ್ಟು ತಿಂಗಳು ಹಿಡಿಯುತ್ತೆ?

ವೀಣಾ (ವಕೀಲರು): ಯುಎಸ್‌ಸಿಐಎಸ್ (ಅಮೆರಿಕದ ವಲಸೆ ಇಲಾಖೆ) ವೆಬ್‌ಸೈಟಿನಲ್ಲಿ ಪ್ರೊಸೆಸಿಂಗ್ ಟೈಮ್ಸ್ ಪುಟ ಇದೆ, ನೋಡಿ. ಆಗಾಗ ಬದಲಾಗುತ್ತೆ.

ಹರೀಶ್: ಇಂಟರ್‌ವ್ಯೂ ಚೆನ್ನೈನಲ್ಲಾ, ಮುಂಬೈನಲ್ಲಾ?

ವೀಣಾ (ವಕೀಲರು): ಸಾಮಾನ್ಯವಾಗಿ ಮುಂಬೈ.

ಅನಿತಾ: ನಮ್ಮ ಕಡೆ ಹೆಸರಿನ ಮುಂದೆ ಇನಿಷಿಯಲ್ ಅಷ್ಟೇ. ನನ್ನ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ ಇದೆ. ತೊಂದರೆ ಆಗುತ್ತಾ?

ವೀಣಾ (ವಕೀಲರು): ವೀಸಾ ಸಿಗುತ್ತೆ, ಆದರೆ ಅದರಲ್ಲಿ ನಿಮ್ಮ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ, ಮೊದಲ ಹೆಸರಿನ ಜಾಗದಲ್ಲಿ 'ಎಫ್ಎನ್‌ಯು' (ಮೊದಲ ಹೆಸರು ಗೊತ್ತಿಲ್ಲ) ಅಂತ ಬರುತ್ತೆ. ಆಮೇಲೆ ಬ್ಯಾಂಕು, ಲೈಸೆನ್ಸು, ಆಸ್ಪತ್ರೆ ಎಲ್ಲ ಕಡೆ ನಿಮ್ಮನ್ನು 'ಫ್ನು' ಅಂತ ಕೂಗುತ್ತಾರೆ. ಐ-130 ಹಾಕುವ ಮೊದಲೇ ಪಾಸ್‌ಪೋರ್ಟ್ ಸರಿಮಾಡಿಸಿ. ಇನಿಷಿಯಲ್ ಬಿಡಿಸಿ ಬರೆಸಿ, ಮದುವೆ ಸರ್ಟಿಫಿಕೇಟ್‌ನಲ್ಲೂ ಅದೇ ಕಾಗುಣಿತ ಇರಲಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಬೇರೆ ಇದ್ದರೆ ಇಬ್ಬರೂ ಒಬ್ಬರೇ ಅಂತ ಅಫಿಡವಿಟ್ ಮಾಡಿಸಿಟ್ಟುಕೊಳ್ಳಿ.

ಲೋಕೇಶಪ್ಪ: ಫಾರ್ವರ್ಡ್ ಆಗಿ ಬಂದದ್ದು, ಎಲ್ಲರಿಗೂ ಉಪಯೋಗ ಆಗಲಿ: "ಸ್ಪೌಸ್ ವೀಸಾಗೆ ವರ್ಷಗಟ್ಟಲೆ ಕಾಯಬೇಡಿ. ಟೂರಿಸ್ಟ್ ವೀಸಾದಲ್ಲಿ ಹೋಗಿ, 90 ದಿನ ಸುಮ್ಮನಿರಿ. 91ನೇ ದಿನ ಗ್ರೀನ್ ಕಾರ್ಡ್‌ಗೆ ಅರ್ಜಿ ಹಾಕಿ. ಕಾನೂನಿನಲ್ಲೇ ಅವಕಾಶ ಇದೆ. ಲಾಯರ್‌ಗಳು ಇದನ್ನು ಹೇಳುವುದಿಲ್ಲ."

ವೀಣಾ (ವಕೀಲರು): ಲೋಕೇಶಪ್ಪನವರೇ, ಲಾಯರ್‌ಗಳು ಹೇಳುವುದಿಲ್ಲ ಯಾಕೆಂದರೆ ಅದು ತಪ್ಪು. 90 ದಿನ ಅನ್ನುವುದು ಅಲ್ಲಿನ ವಿದೇಶಾಂಗ ಇಲಾಖೆಯ ಅಧಿಕಾರಿಗಳಿಗೆ ಇರುವ ಕೈಪಿಡಿಯ ಮಾತು. 91ನೇ ದಿನ ಎಲ್ಲ ಮಾಫಿ ಅಂತ ಯಾವ ಕಾನೂನಿನಲ್ಲೂ ಇಲ್ಲ. ಏರ್‌ಪೋರ್ಟ್‌ನಲ್ಲಿ "ಸುಮ್ನೆ ಸುತ್ತಾಡಲು ಬಂದೆ" ಅಂತ ಹೇಳಿ, ಮನಸ್ಸಿನಲ್ಲಿ ಇಲ್ಲೇ ಉಳಿಯಬೇಕು ಅಂತಿದ್ದರೆ ಅದು ಸುಳ್ಳು ಹೇಳಿ ಒಳಗೆ ಬಂದ ಹಾಗೆ. ಸಾಬೀತಾದರೆ ಜೀವನಪೂರ್ತಿ ನಿಷೇಧ. ಅದಕ್ಕೆ ವೇವರ್ (ವಿನಾಯಿತಿ) ಕೇಳಬಹುದು, ಸಿಕ್ಕೇ ಸಿಗುತ್ತೆ ಅಂತಿಲ್ಲ. ಅಳಿಸಿ ಇದನ್ನು.

ನವೀನ್: ಆದರೆ ಮೇಡಂ, ನನ್ನ ಫ್ರೆಂಡ್ ಹೆಂಡತಿ ಹೀಗೇ ಮಾಡಿದ್ದು. ಗ್ರೀನ್ ಕಾರ್ಡ್ ಬಂತು. ಸಿಟಿಜನ್ ಹೆಂಡತಿಗೆ ಓವರ್‌ಸ್ಟೇ, ಅಂದರೆ ಅವಧಿ ಮೀರಿ ಉಳಿದದ್ದು, ಮಾಫಿ ಅಲ್ವಾ?

ವೀಣಾ (ವಕೀಲರು): ಸರಿಯಾಗಿ ತಪಾಸಣೆ ಆಗಿ ಒಳಗೆ ಬಂದಿದ್ದರೆ, ದೇಶದ ಒಳಗೇ ಅರ್ಜಿ ಹಾಕುವಾಗ ಓವರ್‌ಸ್ಟೇ ಮಾಫಿ, ಹೌದು. ಸುಳ್ಳು ಮಾಫಿ ಅಲ್ಲ. ಎರಡೂ ಬೇರೆ. ನಿಮ್ಮ ಫ್ರೆಂಡ್ ಹೆಂಡತಿ ಒಳಗೆ ಬರುವಾಗ ಏನು ಹೇಳಿದರು ಅಂತ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಸ್ಮಿತಾ, ಶಿವಮೊಗ್ಗ: ಮೇಡಂ, ಹೋದ ವರ್ಷ ಇಲ್ಲೇ ಕಲ್ಯಾಣ ಮಂಟಪದಲ್ಲಿ ನಮ್ಮ ಮದುವೆ ಆಯಿತು. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ರಿಜಿಸ್ಟರ್ ಕೂಡ ಮಾಡಿಸಿದ್ದೇವೆ. ನನ್ನವರು ಟೆಕ್ಸಾಸ್‌ನಲ್ಲಿದ್ದಾರೆ, ಸಿಟಿಜನ್. ಅವರಿಗೆ ಇದು ಎರಡನೇ ಮದುವೆ. ಮೊದಲನೆಯದು ಮೈಸೂರಿನಲ್ಲಿ ಆಗಿತ್ತು. ಆಕೆ ಸ್ವಲ್ಪ ಕಾಲ ಅಲ್ಲಿದ್ದು ವಾಪಸ್ ಬಂದುಬಿಟ್ಟರಂತೆ. ಡಿವೋರ್ಸ್ ಟೆಕ್ಸಾಸ್ ಕೋರ್ಟಿನಲ್ಲೇ ಆಗಿದೆ, ಮದುವೆಗೆ ಮುಂಚೆ ಕಾಪಿ ತೋರಿಸಿದ್ದರು. ಮುಂದಿನ ವಾರ ಐ-130 ಹಾಕುತ್ತಿದ್ದಾರೆ. ಆ ಕಾಪಿ ಲಗತ್ತಿಸಿದರೆ ಸಾಕಲ್ವಾ?

ವೀಣಾ (ವಕೀಲರು): ಸ್ಮಿತಾ, ಮುಂದಿನ ವಾರ ಬೇಡ. ಇದನ್ನು ನಿಧಾನವಾಗಿ ಓದಿ.

ಟೆಕ್ಸಾಸ್ ಕೋರ್ಟ್ ಕೊಟ್ಟ ಡಿವೋರ್ಸ್ ಟೆಕ್ಸಾಸ್‌ನಲ್ಲಿ ಸರಿಯೇ. ಆದರೆ ನಿಮ್ಮ ಮದುವೆ ನಡೆದದ್ದು ಶಿವಮೊಗ್ಗದಲ್ಲಿ. ಮದುವೆ ಸಿಂಧುವೋ ಅಲ್ಲವೋ ಅಂತ ನೋಡುವಾಗ ಅಮೆರಿಕದ ಇಮಿಗ್ರೇಷನ್‌ನವರು ಮೊದಲು ಕೇಳುವುದು ಮದುವೆ ನಡೆದ ಜಾಗದ ಕಾನೂನು ಏನು ಹೇಳುತ್ತೆ ಅಂತ. ಅಂದರೆ ಇಲ್ಲಿ ಹಿಂದೂ ವಿವಾಹ ಕಾಯ್ದೆ. ಅದರ 5ನೇ ಸೆಕ್ಷನ್ ಪ್ರಕಾರ ಮದುವೆ ಹೊತ್ತಿಗೆ ಇಬ್ಬರಲ್ಲಿ ಯಾರಿಗೂ ಜೀವಂತ ಗಂಡ ಅಥವಾ ಹೆಂಡತಿ ಇರಬಾರದು. ಇದ್ದರೆ 11ನೇ ಸೆಕ್ಷನ್ ಪ್ರಕಾರ ಆ ಮದುವೆ ಅನೂರ್ಜಿತ.

ಹಾಗಾದರೆ ಟೆಕ್ಸಾಸ್ ಡಿವೋರ್ಸನ್ನು ಭಾರತ ಒಪ್ಪುತ್ತಾ? ಇದರ ಬಗ್ಗೆ 1991ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ, ವೈ. ನರಸಿಂಹ ರಾವ್ ಕೇಸು. ಅದನ್ನು ಓದಿದರೆ ನಿಮ್ಮದೇ ಕಥೆ ಅನ್ನಿಸುತ್ತೆ. ತಿರುಪತಿಯಲ್ಲಿ ಮದುವೆ ಆದವರು, ಗಂಡ ಮಿಸ್ಸೌರಿ ಕೋರ್ಟಿನಲ್ಲಿ ಡಿವೋರ್ಸ್ ತಗೊಂಡು ಯಾದಗಿರಿಗುಟ್ಟದಲ್ಲಿ ಇನ್ನೊಂದು ಮದುವೆ ಆದರು. ಮೊದಲ ಹೆಂಡತಿ ದ್ವಿಪತ್ನಿತ್ವದ ಕೇಸ್ ಹಾಕಿದರು. ಮಿಸ್ಸೌರಿ ಡಿವೋರ್ಸ್ ಇಲ್ಲಿ ನಡೆಯುವುದಿಲ್ಲ ಅಂತ ಕೋರ್ಟ್ ಹೇಳಿತು. ಸಾಮಾನ್ಯವಾಗಿ ಆ ಹೆಂಡತಿ ಅಲ್ಲಿನ ಕೋರ್ಟಿಗೆ ತಾನಾಗಿ ಹಾಜರಾಗಿ ನಮ್ಮ ಕಾಯ್ದೆಯಲ್ಲಿ ಇರುವ ಕಾರಣದ ಮೇಲೆ ವಾದ ಮಾಡಿರಬೇಕು, ಇಲ್ಲವೇ ಡಿವೋರ್ಸ್‌ಗೆ ಒಪ್ಪಿರಬೇಕು, ಇಲ್ಲವೇ ಆಕೆ ಅಲ್ಲಿಯೇ ವಾಸವಿದ್ದು ನಮ್ಮ ಕಾಯ್ದೆಯ ಕಾರಣದ ಮೇಲೆಯೇ ಡಿವೋರ್ಸ್ ಸಿಕ್ಕಿರಬೇಕು. ಆಗ ಮಾತ್ರ ಇಲ್ಲಿ ಬೆಲೆ. ಟೆಕ್ಸಾಸ್‌ನಲ್ಲಿ ಸಾಮಾನ್ಯವಾಗಿ ಕೊಡುವ ಕಾರಣ "ಹೊಂದಾಣಿಕೆ ಸಾಧ್ಯವಿಲ್ಲ" ಅಂತ. ನಮ್ಮ ಕಾಯ್ದೆಯಲ್ಲಿ ಒಬ್ಬರೇ ಹೋಗಿ ಅಷ್ಟು ಹೇಳಿ ಡಿವೋರ್ಸ್ ಕೇಳುವ ಹಾಗಿಲ್ಲ.

ಎಷ್ಟೋ ಫೈಲುಗಳು ಡಿವೋರ್ಸ್ ಕಾಪಿ ನೋಡಿದ ಕೂಡಲೇ ಮುಂದೆ ಹೋಗಿಬಿಡುತ್ತವೆ, ಅದೂ ನಿಜ. ನಿಮ್ಮದೂ ಹೋಗಬಹುದು. ಆದರೆ ಮೊದಲ ಹೆಂಡತಿ ಒಂದು ಪತ್ರ ಬರೆದರೆ, ಅಥವಾ ಒಬ್ಬ ಅಧಿಕಾರಿಗೆ ಅನುಮಾನ ಬಂದರೆ, ಅಲ್ಲಿಗೆ ನಿಲ್ಲುತ್ತೆ. ಈಗ ದಾಟಿದರೂ ಮುಂದೆ ಸಿಟಿಜನ್‌ಶಿಪ್ ಅರ್ಜಿ ಹಾಕುವಾಗ ಮತ್ತೆ ಏಳಬಹುದು. ಇಲ್ಲಿ ಆಸ್ತಿ, ಪಿಂಚಣಿ, ಉತ್ತರಾಧಿಕಾರ ಅಂತ ಬಂದಾಗಲೂ ಏಳುತ್ತೆ. ತಪ್ಪು ನಿಮ್ಮದಲ್ಲ, ಆದರೆ ಪೆಟ್ಟು ಬೀಳುವುದು ನಿಮಗೆ.

ಈಗ ಆ ಕಾಪಿ ತೆಗೆದು ನೋಡಿ. ಆಕೆ ಹಾಜರಾಗಿದ್ದರಾ? ಸಹಿ ಇದೆಯಾ? ಅಥವಾ "ನೋಟಿಸ್ ತಲುಪಿದರೂ ಬರಲಿಲ್ಲ" ಅಂತ ಇದೆಯಾ?

ಲೋಕೇಶಪ್ಪ: ಹುಡುಗಿ ಕಡೆಯವರು ಮೊದಲೇ ವಿಚಾರಿಸಬೇಕಿತ್ತು. ನಮ್ಮ ಕಾಲದಲ್ಲಿ ಮೂರು ಊರು ತಿರುಗಿ ವಿಚಾರಿಸಿ ಹೆಣ್ಣು ಕೊಡುತ್ತಿದ್ದೆವು.

ಚೈತ್ರಾ, ಎಡಿಸನ್: ಕೋರ್ಟ್ ಕಾಪಿ ನೋಡಿದ್ದಾರಲ್ಲ ಅಂಕಲ್. ಇನ್ನೇನು ವಿಚಾರಿಸಬೇಕಿತ್ತು? ಸುಪ್ರೀಂ ಕೋರ್ಟ್ ತೀರ್ಪು ಮನೆಮನೆಗೆ ಹಂಚಿರುತ್ತಾ?

ನವೀನ್: ಅಮೆರಿಕ ಹುಡುಗ ಅಂದರೆ ಕಣ್ಣು ಮುಚ್ಚಿ ಕೊಡುತ್ತಾರೆ, ಆಮೇಲೆ ಅಳು. ಬೆಂಗಳೂರಿನ ಹುಡುಗರಿಗೆ ಮಾತ್ರ ಸಂಬಳದ ಸ್ಲಿಪ್ ಕೇಳುತ್ತಾರೆ.

ಚೈತ್ರಾ, ಎಡಿಸನ್: ಓ, ಇಲ್ಲೇ ಇದೆಯಾ ಹೊಟ್ಟೆ ಉರಿ. ಯಾರೂ ಒಪ್ಪಲಿಲ್ಲ ಅಂತ ಇಲ್ಲಿ ಬಂದು ತೀರಿಸಿಕೊಳ್ಳಬೇಡಿ.

ನವೀನ್: ಪರ್ಸನಲ್ ಆಗಿ ಮಾತಾಡಬೇಡಿ. ನನಗೆ ಮದುವೆ ಆಗಿದೆ.

ಲೋಕೇಶಪ್ಪ: ನಾನು ಹೇಳಿದ್ದರಲ್ಲಿ ಏನು ತಪ್ಪು? ಈಗಿನ ಹೆಣ್ಣುಮಕ್ಕಳಿಗೆ ಹಿರಿಯರ ಮಾತೆಂದರೆ ಕಿವಿಗೆ ಸೀಸ ಸುರಿದ ಹಾಗೆ.

ರೇಖಾ: ಹಿರಿಯರೇ ಈ ಸಂಬಂಧ ತಂದಿರುವುದು ಅಲ್ವಾ ಅಂಕಲ್?

ಅಡ್ಮಿನ್: ದಯವಿಟ್ಟು ಪ್ರಶ್ನೆ ಮಾತ್ರ.

ಶ್ರೀಧರ, ಶಿರಸಿ: ಮೇಡಂ, ಅಳಿಯನಿಗೆ ಸಂಬಳ ಕಡಿಮೆ. ಸ್ಪಾನ್ಸರ್ ಮಾಡಲು ಸಾಲದು ಅಂದರಂತೆ. ನಮ್ಮ ಅಡಿಕೆ ತೋಟ ತೋರಿಸಬಹುದಾ? ನಾಲ್ಕು ಎಕರೆ ಇದೆ.

ವೀಣಾ (ವಕೀಲರು): ತೋಟ ನಿಮ್ಮ ಹೆಸರಿನಲ್ಲಿದ್ದರೆ ಲೆಕ್ಕಕ್ಕೆ ಬರುವುದಿಲ್ಲ ಶ್ರೀಧರ ಅವರೇ. ಐ-864ರಲ್ಲಿ (ಸ್ಪಾನ್ಸರ್ ಕೊಡುವ ಮುಚ್ಚಳಿಕೆ) ಅಳಿಯನ ಆಸ್ತಿ ಅಥವಾ ಮಗಳ ಆಸ್ತಿ ತೋರಿಸಬಹುದು. ಅದೂ ಒಂದು ವರ್ಷದೊಳಗೆ ಮಾರಿ ದುಡ್ಡು ಮಾಡುವಂಥದ್ದಾಗಿರಬೇಕು. ಅಳಿಯ ಸಿಟಿಜನ್ ಆದರೆ ಆದಾಯದಲ್ಲಿ ಎಷ್ಟು ಕಡಿಮೆ ಬೀಳುತ್ತೋ ಅದರ ಮೂರು ಪಟ್ಟು ಆಸ್ತಿ ಬೇಕು. ಆದಾಯದ ಮಟ್ಟ ಅಲ್ಲಿನ ಬಡತನ ರೇಖೆಯ 125 ಪರ್ಸೆಂಟ್. ತೋಟ ಮಗಳ ಹೆಸರಿಗೆ ಬರೆಯುವ ಕೆಲಸಕ್ಕೆ ಹೋಗಬೇಡಿ. ಅಲ್ಲಿರುವ ಸಿಟಿಜನ್ ಅಥವಾ ಗ್ರೀನ್ ಕಾರ್ಡ್ ಇರುವ ನೆಂಟರೋ ಸ್ನೇಹಿತರೋ ಜಾಯಿಂಟ್ ಸ್ಪಾನ್ಸರ್ ಆಗಬಹುದು. ಆದರೆ ಅವರಿಗೆ ಹೇಳಿ, ಇದು ಸುಮ್ಮನೆ ಸಹಿ ಅಲ್ಲ. ನಾಳೆ ಡಿವೋರ್ಸ್ ಆದರೂ ಆ ಜವಾಬ್ದಾರಿ ಹೋಗುವುದಿಲ್ಲ.

ಹರೀಶ್: ಮೇಡಂ, ಮದುವೆ ಫೋಟೊ ಎಷ್ಟು ಕೊಡಬೇಕು? ನಮ್ಮ ಆಲ್ಬಂನಲ್ಲಿ ಸಾವಿರ ಇದೆ.

ವೀಣಾ (ವಕೀಲರು): ಇಪ್ಪತ್ತು ಸಾಕು. ಎರಡೂ ಮನೆಯವರು ಇರುವಂಥದ್ದು. ಜೊತೆಗೆ ಲಗ್ನಪತ್ರಿಕೆ, ಮಂಟಪದ ರಸೀದಿ, ವಿಮಾನ ಟಿಕೆಟ್, ಫೋನ್ ಕಾಲ್ ದಾಖಲೆ. ಡ್ರೋನ್ ವಿಡಿಯೊ ಬೇಡ.

ಗಿರಿಜಾ: ನಾನು ಹೋಗುವಾಗ ಮದುವೆ ಆಗಿ ಎರಡು ವರ್ಷ ಆಗಿರಲಿಲ್ಲ, ಎರಡು ವರ್ಷದ ಕಾರ್ಡ್ ಕೊಟ್ಟಿದ್ದಾರೆ. ಈಗ ಗಂಡ ಐ-751ಗೆ (ಆ ಕಾರ್ಡನ್ನು ಕಾಯಂ ಮಾಡಿಸುವ ಅರ್ಜಿ) ಸಹಿ ಹಾಕಲ್ಲ ಅನ್ನುತ್ತಿದ್ದಾರೆ. ಕಾರ್ಡ್ ಮುಗಿಯಲು ಮೂರು ತಿಂಗಳೂ ಇಲ್ಲ.

ವೀಣಾ (ವಕೀಲರು): ಗಿರಿಜಾ, ಇಲ್ಲಿ ಬರೆಯಬೇಡಿ. ನನಗೆ ಮೆಸೇಜ್ ಮಾಡಿ, ಇವತ್ತೇ. ಸದ್ಯಕ್ಕೆ ಇಷ್ಟು ತಿಳಿದುಕೊಳ್ಳಿ: ಡಿವೋರ್ಸ್ ಆಗಿದ್ದರೆ ಅಥವಾ ಮನೆಯಲ್ಲಿ ಹಿಂಸೆ ಇದ್ದರೆ ಗಂಡನ ಸಹಿ ಇಲ್ಲದೆಯೂ ಹಾಕಬಹುದು. "ವಾಪಸ್ ಕಳಿಸಿಬಿಡುತ್ತೇನೆ" ಅಂದರೆ ಹೆದರಬೇಡಿ, ಆ ಅಧಿಕಾರ ಅವರಿಗಿಲ್ಲ.

ಲೋಕೇಶಪ್ಪ: ಹೈದರಾಬಾದ್ ಹತ್ತಿರ ಚಿಲ್ಕೂರಿನಲ್ಲಿ ವೀಸಾ ಬಾಲಾಜಿ ಇದ್ದಾನೆ. 11 ಪ್ರದಕ್ಷಿಣೆ, ಕೆಲಸ ಆದ ಮೇಲೆ 108. ನಂಬಿದವರಿಗೆ ಆಗಿದೆ. ಮುಂಬೈಯಲ್ಲಿ ಒಳಗಿನ ಪರಿಚಯ ಇರುವ ಏಜೆಂಟ್ ನಂಬರ್ ಕೂಡ ಇದೆ, ಬೇಕಾದವರು ಕೇಳಿ.

ವೀಣಾ (ವಕೀಲರು): ಪ್ರದಕ್ಷಿಣೆ ಹಾಕಿ, ನನ್ನ ಅಭ್ಯಂತರ ಇಲ್ಲ. ಏಜೆಂಟ್ ನಂಬರ್ ಹಾಕಿದರೆ ನಾನು ಈ ಗುಂಪಿನಲ್ಲಿ ಇರುವುದಿಲ್ಲ. ಕಾನ್ಸುಲೇಟ್ ಒಳಗೆ ಯಾರ ಪರಿಚಯವೂ ನಡೆಯಲ್ಲ. ಅವನು ಕೊಡುವ ನಕಲಿ ಕಾಗದ ಸಿಕ್ಕಿಬಿದ್ದರೆ ಹೋಗುವುದು ನಿಮ್ಮ ಮಗಳ ವೀಸಾ, ಅವನದ್ದಲ್ಲ. ಸುಳ್ಳು ಮದುವೆ ಅಂತ ಒಮ್ಮೆ ತೀರ್ಮಾನ ಆದರೆ ಮುಂದೆ ನಿಜವಾದ ಗಂಡ ಹಾಕಿದ ಅರ್ಜಿಯನ್ನೂ ಒಪ್ಪುವುದಿಲ್ಲ. ವೇವರ್ ಕೂಡ ಇಲ್ಲ.

ಮಧು: ನನ್ನ ಹೆಂಡತಿ ಜರ್ಮನ್. ನಾವು ಬೆಂಗಳೂರಿನಲ್ಲೇ ಇರುವವರು. ಅವಳಿಗೆ ಓಸಿಐ (ಭಾರತದ ಸಾಗರೋತ್ತರ ನಾಗರಿಕ ಕಾರ್ಡ್) ಯಾವಾಗ ಸಿಗುತ್ತೆ?

ರೇಖಾ: ಮದುವೆ ರಿಜಿಸ್ಟರ್ ಆಗಿ ಎರಡು ವರ್ಷ ಸತತವಾಗಿ ನಡೆದಿರಬೇಕು. ಅಲ್ಲಿವರೆಗೆ ಎಂಟ್ರಿ ವೀಸಾ. ನನ್ನ ಅತ್ತಿಗೆಗೆ ಹಾಗೇ ಆಗಿದ್ದು.

ಹರೀಶ್: ಚೆನ್ನೈನಲ್ಲಿ ಇಂಟರ್‌ವ್ಯೂ ಹಾಕಿಸಿಕೊಳ್ಳಲು ಏನಾದರೂ ದಾರಿ ಇದೆಯಾ? ಬೆಂಗಳೂರಿನಲ್ಲೂ ಕಾನ್ಸುಲೇಟ್ ಆಯ್ತಲ್ಲ?

ವೀಣಾ (ವಕೀಲರು): ಮುಂಬೈ, ಹರೀಶ್. ಮುಂಬೈ.

ಸ್ಮಿತಾ, ಶಿವಮೊಗ್ಗ: ಮೇಡಂ, ಕಾಪಿ ನೋಡಿದೆ. ಆಕೆಯ ಸಹಿ ಎಲ್ಲೂ ಇಲ್ಲ. ನೋಟಿಸ್ ಕೊಟ್ಟರೂ ಬರಲಿಲ್ಲ, ಡಿಫಾಲ್ಟ್ ಅಂತ ಬರೆದಿದೆ. ಇವರಿಗೆ ಫೋನ್ ಮಾಡಿದರೆ "ಅದೆಲ್ಲ ಯಾರೂ ನೋಡಲ್ಲ, ಸುಮ್ನೆ ತಲೆ ಕೆಡಿಸ್ಕೋಬೇಡ" ಅಂತಿದ್ದಾರೆ. ಅತ್ತೆ ಬೇರೆ ಬೇಜಾರು ಮಾಡಿಕೊಂಡರು.

ನವೀನ್: ಹೇಳಲಿಲ್ವಾ ನಾನು.

ವೀಣಾ (ವಕೀಲರು): ನವೀನ್, ಸಾಕು.

ಸ್ಮಿತಾ, ಪೂರ್ತಿ ಕೋರ್ಟ್ ಫೈಲು ತರಿಸಿ. ಅರ್ಜಿ, ನೋಟಿಸ್ ತಲುಪಿದ ದಾಖಲೆ, ತೀರ್ಪು, ಮೂರೂ ದೃಢೀಕೃತ ಪ್ರತಿ. ಅದನ್ನು ಹಿಡಿದು ಅಲ್ಲೇ ಫ್ಯಾಮಿಲಿ ಕೋರ್ಟಿನಲ್ಲಿ ಕೆಲಸ ಮಾಡುವ ವಕೀಲರ ಹತ್ತಿರ ಹೋಗಿ. ನಿಮ್ಮದೇ ವಕೀಲರು, ಅತ್ತೆ ಮನೆಯವರು ಗೊತ್ತುಮಾಡಿದವರಲ್ಲ. ಮೊದಲ ಹೆಂಡತಿಗೂ ಬಿಡುಗಡೆ ಬೇಕಿದ್ದರೆ ಆಕೆ ಮತ್ತು ನಿಮ್ಮವರು ಸೇರಿ ಹಿಂದೂ ವಿವಾಹ ಕಾಯ್ದೆಯ 13ಬಿ ಸೆಕ್ಷನ್ ಅಡಿ ಪರಸ್ಪರ ಒಪ್ಪಿಗೆಯ ಡಿವೋರ್ಸ್ ತಗೊಳ್ಳಬಹುದು. ನಡುವಿನ ಆರು ತಿಂಗಳ ಕಾಯುವಿಕೆಯನ್ನು ಸೂಕ್ತ ಕೇಸಿನಲ್ಲಿ ಕೋರ್ಟ್ ಬಿಡಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆಮೇಲೆ ಮತ್ತೆ ಮದುವೆ, ಮತ್ತೆ ರಿಜಿಸ್ಟ್ರೇಷನ್. ಈಗಿರುವ ರಿಜಿಸ್ಟ್ರೇಷನ್ ಏನು ಮಾಡಬೇಕು ಅಂತ ಆ ವಕೀಲರೇ ಹೇಳಬೇಕು.

ಐ-130ರಲ್ಲಿ ಹಿಂದಿನ ಎಲ್ಲ ಮದುವೆ ಕೇಳುತ್ತಾರೆ. ಗಂಡ ಅದನ್ನು ಖಾಲಿ ಬಿಡೋಣ ಅಂದರೆ ಒಪ್ಪಬೇಡಿ. ನಡುವೆ ಟೂರಿಸ್ಟ್ ವೀಸಾ ಹಾಕಿ "ಅವಿವಾಹಿತೆ" ಅಂತ ಬರೆಯಲು ಯಾರು ಹೇಳಿದರೂ ಬರೆಯಬೇಡಿ. ಅವರ ಅರ್ಜಿಗೆ ಸಹಿ ಅವರದ್ದು, ಆದರೆ ವೀಸಾ ಇಂಟರ್‌ವ್ಯೂನಲ್ಲಿ ಪ್ರಮಾಣ ಮಾಡಿ ಉತ್ತರ ಕೊಡುವವರು ನೀವು.

ಸ್ಮಿತಾ, ಶಿವಮೊಗ್ಗ: ಸರಿ ಮೇಡಂ. ನಾಳೆ ಅಪ್ಪನ ಜೊತೆ ವಕೀಲರ ಹತ್ತಿರ ಹೋಗುತ್ತೇನೆ. ಇವರಿಗೆ ಆಮೇಲೆ ಹೇಳುತ್ತೇನೆ.

ಅಡ್ಮಿನ್: ಕಾಮೆಂಟ್ ಮುಚ್ಚುತ್ತಿದ್ದೇನೆ. ಲೋಕೇಶಪ್ಪನವರ ಎರಡು ಪೋಸ್ಟ್ ತೆಗೆದಿದ್ದೇನೆ.