‘ಲಿಂಗ ಪರಿವರ್ತನೆ ಚಿಕಿತ್ಸೆ’: ಈ ಮಾತು ಸರಿಯೇ?

ಗೆಳೆಯರೇ,

ಅಮೆರಿಕದ ಸುಪ್ರೀಂ ಕೋರ್ಟ್ 2025ರ ಜೂನ್ 18ರಂದು ಕೊಟ್ಟ ತೀರ್ಪಿನ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಪದಗಳ ವಿಷಯದಲ್ಲಿ ನಿಮ್ಮ ಸಲಹೆ ಬೇಕು.

ಸಂಗತಿ ಇಷ್ಟು. ಟೆನೆಸ್ಸೀ ರಾಜ್ಯ 2023ರಲ್ಲಿ ಒಂದು ಕಾನೂನು ತಂದಿತು. ಹುಟ್ಟಿದಾಗ ಗುರುತಿಸಿದ ಲಿಂಗ ತಮ್ಮದಲ್ಲ ಅನ್ನುವ ಮಕ್ಕಳಿಗೆ, 18 ತುಂಬುವ ತನಕ, ಹರೆಯ ಮುಂದೂಡುವ ಔಷಧವನ್ನಾಗಲಿ ಹಾರ್ಮೋನನ್ನಾಗಲಿ ಆ ಕಾರಣಕ್ಕೆ ಕೊಡುವಂತಿಲ್ಲ. ತೀರಾ ಬೇಗ ಹರೆಯಕ್ಕೆ ಬರುವುದೇ ಮೊದಲಾದ ಬೇರೆ ತೊಂದರೆಗಳಿಗೆ ಅದೇ ಔಷಧ ಕೊಡಬಹುದು. ಮೂವರು ಮಕ್ಕಳು, ಅವರ ಹೆತ್ತವರು, ಒಬ್ಬ ವೈದ್ಯೆ ಕೋರ್ಟಿಗೆ ಹೋದರು. 6–3ರ ಬಹುಮತದಲ್ಲಿ ಕಾನೂನು ಉಳಿಯಿತು.

ಇದನ್ನು ‘ಲಿಂಗ ಪರಿವರ್ತನೆ ಚಿಕಿತ್ಸೆಗೆ ತಡೆ’ ಅಂತ ಬರೆದರೆ ಓದುಗರ ಮನಸ್ಸಿಗೆ ಮೊದಲು ಬರುವುದು ಆಪರೇಷನ್, ಅಲ್ವಾ? ಆ ಕಾನೂನು ಆಪರೇಷನ್ನನ್ನೂ ತಡೆಯುತ್ತದೆ, ನಿಜ. ಆದರೆ ಸುಪ್ರೀಂ ಕೋರ್ಟಿನ ಮುಂದೆ ಇದ್ದದ್ದು ಔಷಧಗಳ ಪ್ರಶ್ನೆ ಮಾತ್ರ.

ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಕೊಲರಾಡೋ ರಾಜ್ಯದ 2019ರ ಕಾನೂನೊಂದು ಬೇರೆಯದನ್ನೇ ತಡೆಯಿತು: ಮಕ್ಕಳಿಗೆ ಗಂಡಿನ ಮೇಲೋ ಹೆಣ್ಣಿನ ಮೇಲೋ ಇರುವ ಒಲವನ್ನೋ, ಲಿಂಗತ್ವವನ್ನೋ (ತಾನು ಗಂಡೋ ಹೆಣ್ಣೋ ಅನ್ನುವ ಒಳಗಿನ ಅರಿವನ್ನೋ) ಬದಲಿಸಲು ಆಪ್ತಸಮಾಲೋಚಕರು ಮಾಡುವ ಯತ್ನವನ್ನು. ಅದರ ವಾದ ಅದೇ ಕೋರ್ಟಿನಲ್ಲಿ 2025ರ ಅಕ್ಟೋಬರ್‌ನಲ್ಲಿ ನಡೆಯಿತು. ನಮ್ಮಲ್ಲಿ ಮದ್ರಾಸ್ ಹೈಕೋರ್ಟ್ 2021ರಲ್ಲಿ ಇಂಥ ‘ಗುಣಪಡಿಸುವ’ ಯತ್ನಗಳನ್ನು ನಿಲ್ಲಿಸಬೇಕು ಅಂತ ಹೇಳಿತು. ಇದಕ್ಕೂ ಕನ್ನಡದಲ್ಲಿ ‘ಪರಿವರ್ತನಾ ಚಿಕಿತ್ಸೆ’ ಅಂತಲೇ ಬರೆಯುತ್ತಾರೆ! ಒಂದರಲ್ಲಿ ಮಗುವಿನ ಒಳಗಿನ ಅರಿವಿಗೆ ಮೈಯನ್ನು ಹೊಂದಿಸುತ್ತಾರೆ. ಇನ್ನೊಂದರಲ್ಲಿ ಆ ಅರಿವನ್ನೇ ತಿದ್ದಲು ಹೊರಡುತ್ತಾರೆ. ತದ್ವಿರುದ್ಧವಾದ ಎರಡಕ್ಕೆ ಹೀಗೆ ಒಂದೇ ಹೆಸರು ಇದ್ದರೆ ಸುದ್ದಿ ಓದುವ ತಂದೆತಾಯಿ ಏನು ತಿಳಿದುಕೊಳ್ಳಬೇಕು?

‘ಲಿಂಗತ್ವ ದೃಢೀಕರಣ’ ಅಂತ ಬರೆಯುವವರಿದ್ದಾರೆ. ನನಗೆ ಒಗ್ಗುತ್ತಿಲ್ಲ. ದೃಢೀಕರಣ ಅಂದರೆ ನಮಗೆ ಕಚೇರಿಯ ಸಹಿ, ಮೊಹರು. ‘ಲಿಂಗತ್ವ ಹೊಂದಿಕೆ ಚಿಕಿತ್ಸೆ’ ಅನ್ನಬಹುದೇ? ಇನ್ನೊಂದಕ್ಕೆ ಸುಮ್ನೆ ‘ಲಿಂಗತ್ವ ತಿದ್ದುವ ಯತ್ನ’ ಅಂದರೆ ಸಾಕಲ್ಲವೇ? ತಡೆ ಬೇಕು ಅನ್ನುವವರೂ ಬೇಡ ಅನ್ನುವವರೂ ಒಪ್ಪಿ ಬಳಸುವ ಪದ ಸಿಕ್ಕರೆ ಒಳ್ಳೆಯದು. ಪದವೇ ಒಂದು ಪಕ್ಷ ಹಿಡಿದರೆ ವಾದ ಶುರುವಾಗುವ ಮೊದಲೇ ಮುಗಿದುಹೋಗುತ್ತದೆ.

ಇನ್ನು ‘ಲಿಂಗ’ ಮತ್ತು ‘ಲಿಂಗತ್ವ’. ಇವೆರಡನ್ನೂ ಬೆರೆಸಿದರೆ ಈ ತೀರ್ಪು ಅರ್ಥವೇ ಆಗುವುದಿಲ್ಲ. ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಹೇಳಿದ್ದು, ಈ ಕಾನೂನು ಜನರನ್ನು ವಯಸ್ಸಿನಿಂದ ಮತ್ತು ಔಷಧ ಯಾವ ತೊಂದರೆಗೆ ಅನ್ನುವುದರಿಂದ ಬೇರೆ ಮಾಡುತ್ತದೆ, ಗಂಡು ಹೆಣ್ಣು ಅಂತ ಅಲ್ಲ. ಹಾಗಾಗಿ ಕೋರ್ಟಿನ ಸಡಿಲವಾದ ಪರಿಶೀಲನೆ ಸಾಕು, ಅಂದರೆ ಕಾನೂನಿಗೆ ಒಪ್ಪತಕ್ಕ ಒಂದು ಕಾರಣ ಇದ್ದರೆ ಆಯಿತು. ನ್ಯಾಯಮೂರ್ತಿ ಸೋನಿಯಾ ಸೊಟೊಮೇಯರ್ ಒಪ್ಪಲಿಲ್ಲ. ಗಂಡಾಗಿ ಹುಟ್ಟಿದ ಹುಡುಗನಿಗೆ ಗಂಡಿನಂತೆ ಕಾಣಲು ನೆರವಾಗುವ ಔಷಧ ಕೊಡಬಹುದು, ಹೆಣ್ಣಾಗಿ ಹುಟ್ಟಿದ ಮಗುವಿಗೆ ಕೊಡಬಾರದು ಅಂದರೆ ಅದು ಲಿಂಗದ ಮೇಲಿನ ವಿಂಗಡಣೆಯೇ, ಬಿಗಿಯಾದ ಪರಿಶೀಲನೆ ಬೇಕು, ಅಂದರೆ ರಾಜ್ಯ ಬಲವಾದ ಕಾರಣ ತೋರಿಸಬೇಕು ಅನ್ನುವುದು ಅವರ ವಾದ. ನನಗೆ ಈ ಮಾತಿನಲ್ಲಿ ಜಾಸ್ತಿ ಹುರುಳು ಕಾಣುತ್ತದೆ. ನೀವು ಒಪ್ಪದೇ ಇರಬಹುದು. ಆದರೆ ಇಬ್ಬರ ವಾದವನ್ನೂ ಕನ್ನಡದಲ್ಲಿ ನ್ಯಾಯವಾಗಿ ಹೇಳಬೇಕಾದರೆ ಮೈಗೆ ‘ಲಿಂಗ’, ಒಳಗಿನ ಅರಿವಿಗೆ ‘ಲಿಂಗತ್ವ’ ಅಂತ ಗಟ್ಟಿಯಾಗಿ ಬೇರೆ ಇಡಲೇಬೇಕು.

ವಕೀಲ ಮಿತ್ರರಲ್ಲಿ ಒಂದು ಕೇಳಿಕೆ: ಈ ‘ಸಡಿಲ’, ‘ಬಿಗಿ’ ಪರಿಶೀಲನೆಗಳಿಗೆ ಕನ್ನಡದ ಕೋರ್ಟುಗಳಲ್ಲಿ ಆಡುವ ಪದ ಇದೆಯೇ? ‘ಒರೆ’ ಅಂದರೆ ಹೇಗೆ? ‘ಸಡಿಲ ಒರೆ’, ‘ಬಿಗಿ ಒರೆ’. ಲಿಂಗತ್ವ ಅಲ್ಪಸಂಖ್ಯಾತರ ನಡುವೆ ಕೆಲಸ ಮಾಡುವವರೂ ಇಲ್ಲಿದ್ದರೆ, ಈ ಚಿಕಿತ್ಸೆಗೆ ನಿಮ್ಮವರು ತಮ್ಮತಮ್ಮಲ್ಲಿ ಏನನ್ನುತ್ತಾರೆ ಅಂತ ದಯವಿಟ್ಟು ತಿಳಿಸಿ. ಅದು ನನ್ನ ‘ಹೊಂದಿಕೆ’ಗಿಂತ ಬೇರೆಯಾಗಿದ್ದರೆ ಅದನ್ನೇ ಬಳಸುತ್ತೇನೆ.