ಮನೆಮಂದಿ ಗ್ರೂಪಿನಲ್ಲಿ ಲಿಲಿಯಸ್ ಏಡಿ

ದೊಡ್ಡಪ್ಪ: (ಫಾರ್ವರ್ಡ್ ಆದ ಫೋಟೊ) ಸ್ಕಾಟ್ಲೆಂಡಿನ ಮಾಟಗಾತಿಯ ನಿಜವಾದ ಮುಖ! ಸೈತಾನನ ಜೊತೆ ಸೇರಿದ್ದನ್ನು ತಾನೇ ಒಪ್ಪಿಕೊಂಡಿದ್ದಳು!

ಅತ್ತಿಗೆ: ಪಾಪ, ಯಾರದೋ ಮನೆ ಅಜ್ಜಿ ಥರ ಇದ್ದಾರೆ.

ಪುಟ್ಟಿ: ದೊಡ್ಡಪ್ಪ, ಆಕೆ ಲಿಲಿಯಸ್ ಏಡಿ. ಊರು ಫೈಫ್ ಸೀಮೆಯ ಟೊರಿಬರ್ನ್. 1704ರಲ್ಲಿ ತೀರ್ಪಿಗೆ ಮುಂಚೆಯೇ ಜೈಲಿನಲ್ಲಿ ತೀರಿಕೊಂಡರು. ತಲೆಬುರುಡೆಯ ಹಳೇ ಫೋಟೊ ಇಟ್ಟುಕೊಂಡು ಈ ಮುಖ ರೂಪಿಸಿದ್ದು ಡಂಡೀ ವಿಶ್ವವಿದ್ಯಾಲಯದವರು, 2017ರಲ್ಲಿ. ಮಾಟಗಾತಿ ಅಂತ ಕಳಿಸಬೇಡಿ, ದಯವಿಟ್ಟು.

ದೊಡ್ಡಪ್ಪ: ಏನೂ ಮಾಡದೆ ಯಾರಾದರೂ ಸುಮ್ನೆ ಒಪ್ಪಿಕೊಳ್ಳುತ್ತಾರಾ ಪುಟ್ಟಿ?

ಪುಟ್ಟಿ: ನಿದ್ದೆ ಮಾಡಲು ಬಿಡದಿದ್ದರೆ ಯಾರು ಬೇಕಾದರೂ ಒಪ್ಪಿಕೊಳ್ಳುತ್ತಾರೆ. ಅಲ್ಲಿ ಇಂಥ ಕೇಸುಗಳಲ್ಲಿ ಹಗಲು ರಾತ್ರಿ ಕಾವಲಿದ್ದು ಎಚ್ಚರವಾಗಿಡುತ್ತಿದ್ದರು. ಮೈಯೆಲ್ಲಾ ಸೂಜಿ ಚುಚ್ಚಿ, ನೋವಾಗದ ಜಾಗ ಸಿಕ್ಕರೆ ಅದೇ ಸೈತಾನನ ಗುರುತು ಅನ್ನುತ್ತಿದ್ದರು. ದುಡ್ಡಿಗಾಗಿ ಚುಚ್ಚುವ ಕಸುಬಿನವರೇ ಇದ್ದರು. ಸೈತಾನನ ಕೂಟದಲ್ಲಿ ಜೊತೆಗಿದ್ದವರು ಯಾರು ಅಂತ ಕೇಳಿದಾಗ ಲಿಲಿಯಸ್ ಏನಂದರು ಗೊತ್ತಾ? ಅವರೆಲ್ಲ ಮುಖ ಮುಚ್ಚಿಕೊಂಡಿದ್ದರು, ಗುರುತು ಸಿಗಲಿಲ್ಲ ಅಂದರು. ಊರಿನ ಬೇರೆ ಹೆಂಗಸರನ್ನು ಉಳಿಸಲು ನೋಡಿದರು ಅಂತಲೇ ನನಗನಿಸುತ್ತದೆ. ಸತ್ತ ಮೇಲೂ ಎದ್ದು ಬಂದಾರು ಅಂತ ಹೆದರಿ, ಕಡಲ ದಂಡೆಯ ಕೆಸರಿನಲ್ಲಿ ಹೂತು ಮೇಲೆ ಭಾರದ ಚಪ್ಪಡಿ ಹಾಕಿದರು.

ಮಾವ: ಗಂಡಸರನ್ನೂ ಸುಟ್ಟಿದ್ದಾರಲ್ಲ? ಬರೀ ಹೆಂಗಸರ ವಿಷಯ ಅನ್ನೋದು ಸರಿಯಾ?

ಪುಟ್ಟಿ: ಸುಟ್ಟಿದ್ದಾರೆ ಮಾವ. ಆದರೆ ಸ್ಕಾಟ್ಲೆಂಡಿನಲ್ಲಿ ಮಾಟದ ಆರೋಪ ಹೊತ್ತ ಸುಮಾರು 3,800 ಜನರಲ್ಲಿ ಶೇ. 84 ಹೆಂಗಸರೇ. 1633ರಲ್ಲಿ ಅದೇ ಫೈಫ್ ಸೀಮೆಯ ಕರ್ಕಾಡಿಯಲ್ಲಿ ವಿಲಿಯಂ ಕೋಕ್, ಅವನ ಹೆಂಡತಿ ಆಲಿಸನ್ ಡಿಕ್ ಇಬ್ಬರನ್ನೂ ಸುಟ್ಟರು. ಅದರ ಖರ್ಚಿನ ಲೆಕ್ಕ ಇನ್ನೂ ಇದೆ. ಕಲ್ಲಿದ್ದಲು 10 ಹೊರೆ. ಟಾರ್ ಪೀಪಾಯಿ 14 ಶಿಲಿಂಗ್. ಹಗ್ಗ 6 ಶಿಲಿಂಗ್. ಇಬ್ಬರಿಗೂ ತೊಡಿಸಲು ಒರಟು ಬಟ್ಟೆ, ಅದನ್ನು ಹೊಲಿದ ಕೂಲಿ 8 ಶಿಲಿಂಗ್. ಓದಿದಾಗ ಕೈ ನಡುಗಿತು ನನಗೆ.

ಅತ್ತಿಗೆ: ಹೊಲಿಗೆ ಕೂಲಿ ಕೂಡಾ ಬರೆದಿಟ್ಟಿದ್ದಾರಾ! ಅಯ್ಯೋ ದೇವರೇ.

ದೊಡ್ಡಪ್ಪ: ಸರಿನಮ್ಮ, ಅನ್ಯಾಯವೇ. ಆದರೆ 2022ರಲ್ಲಿ ಅವರ ಸರ್ಕಾರ ಕ್ಷಮೆ ಕೇಳಿತಂತೆ. ಸತ್ತವರಿಗೆ ಅದರಿಂದ ಏನು ಬಂತು?

ಪುಟ್ಟಿ: ಮಾರ್ಚ್ 8ರಂದು ಆಗ ಸ್ಕಾಟ್ಲೆಂಡ್ ಸರ್ಕಾರದ ಮುಖ್ಯಸ್ಥೆಯಾಗಿದ್ದ ನಿಕೋಲಾ ಸ್ಟರ್ಜನ್ ಪಾರ್ಲಿಮೆಂಟಿನಲ್ಲೇ ಕೇಳಿದರು. ಕೇಳಲೇಬೇಕಿತ್ತು. ಇದು ಊರ ಜನರ ಗಲಾಟೆ ಮಾತ್ರ ಅಲ್ಲ. 1563ರಲ್ಲಿ ಪಾರ್ಲಿಮೆಂಟೇ ಮಾಟದ ವಿರುದ್ಧ ಕಾಯ್ದೆ ಮಾಡಿತ್ತು, 1736ರವರೆಗೂ ಅದು ಜಾರಿಯಲ್ಲಿತ್ತು. ತಪ್ಪು ಮಾಡಿದ್ದು ಸರ್ಕಾರ ಅಂದಮೇಲೆ ಕ್ಷಮೆ ಇನ್ಯಾರು ಕೇಳಬೇಕು?

ದೊಡ್ಡಪ್ಪ: ಕ್ಷಮೆಯ ಮಾತು ನಾನು ಈಗಲೂ ಒಪ್ಪಲ್ಲ. ಫೋಟೊ ಮಾತ್ರ ಡಿಲೀಟ್ ಮಾಡುತ್ತೇನೆ. ವಾಕಿಂಗ್ ಗ್ರೂಪಿಗೂ ಹಾಕಿದ್ದೆ, ಅಲ್ಲೂ ತೆಗೆಯುತ್ತೇನೆ.